ಕಾಡುಪಾಪ ಹುಡುಕುವ ಮುಂಚೆ ಬರೆದ ಎರಡು ಅರ್ಜಿ

"ಕಾಡುಪಾಪ ಇರೋದು ನಮ್ ತೋಟದ್ ಬೇಲೀಲಿ. ನಾನೇ ಹೂಂ ಅಂದ್ಮೇಲೆ ಇನ್ಯಾರ್ನ ಕೇಳ್ಬೇಕು ಟೀಚರಮ್ಮ?" ಅರಣ್ಯ ಇಲಾಖೆಯ ಅನುಮತಿಯ ಮಾತೆತ್ತಿದಾಗ ದೇವರಾಯನದುರ್ಗದ ತಪ್ಪಲಿನ ಅಡಿಕೆ ತೋಟದ ಯಜಮಾನರೊಬ್ಬರು ನನ್ನನ್ನು ಹೀಗೆ ಕೇಳಿದರು. ಕಾಡುಪಾಪ ಎಂದರೆ ರಾತ್ರಿ ಹೊತ್ತು ಮರಗಳಲ್ಲಿ ಓಡಾಡುವ, ದೊಡ್ಡ ಕಣ್ಣಿನ ಪುಟ್ಟ ಪ್ರಾಣಿ, ಇಂಗ್ಲಿಷಿನಲ್ಲಿ ಸ್ಲೆಂಡರ್ ಲೋರಿಸ್. ನಾನು ತುಮಕೂರಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಯಾವ ಬೇಲಿಗಳಲ್ಲಿ ಕಾಡುಪಾಪ ಉಳಿದಿವೆ ಎಂದು ಅವರ ಜೊತೆ ಹುಡುಕಿ ಎಣಿಸಬೇಕಿತ್ತು. ಮೊದಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. ಬೇಲಿ ಅವರದು, ಅವರು ಒಪ್ಪಿದ್ದಾರೆ, ನಾಲ್ಕು ಹುಡುಗರನ್ನು ಕರೆದುಕೊಂಡು ರಾತ್ರಿ ಹೊರಟರಾಯಿತು ಎಂದು.

ಆದರೆ ಬೇಲಿ ಯಾರದಾದರೂ ಪ್ರಾಣಿ ಅವರದಲ್ಲ. ಕಾಡುಪಾಪ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ, ಅಂದರೆ ಹುಲಿ, ಆನೆ ಇರುವ ಪಟ್ಟಿಯಲ್ಲಿ. ಕಾಡಿನೊಳಗಿದ್ದರೂ ಅಷ್ಟೇ, ಹೊಲದ ಬದುವಿನ ಜಾಲಿಮರದಲ್ಲಿದ್ದರೂ ಅಷ್ಟೇ. ಕಾಯ್ದೆಯಲ್ಲಿ 'ಬೇಟೆ' ಎಂಬ ಮಾತಿಗಿರುವ ಅರ್ಥವನ್ನು ನಾನು ಸರಿಯಾಗಿ ಓದಿದ್ದೇ ಆಗ. ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಬಲೆಗೆ ಬೀಳಿಸುವುದು, ಅಟ್ಟುವುದು, ಆಸೆ ತೋರಿಸಿ ಹತ್ತಿರಕ್ಕೆ ಸೆಳೆಯುವುದು, ಇವುಗಳಿಗೆ ಪ್ರಯತ್ನ ಪಡುವುದು ಕೂಡ ಬೇಟೆಯೇ. ಹಕ್ಕಿ, ಸರೀಸೃಪಗಳ ಗೂಡು, ಮೊಟ್ಟೆಗೆ ತೊಂದರೆ ಕೊಟ್ಟರೂ ಅದೇ ಹೆಸರು. ಒಂದನೇ ಅನುಸೂಚಿಯ ಪ್ರಾಣಿಯಾದರೆ ಶಿಕ್ಷೆ 3ರಿಂದ 7 ವರ್ಷ ಸೆರೆ. 2022ರ ತಿದ್ದುಪಡಿಯ ನಂತರ ದಂಡ 25,000 ರೂಪಾಯಿಗೆ ಕಡಿಮೆ ಇರುವಂತಿಲ್ಲ.

ದಾರಿಯಲ್ಲಿ ಹೋಗುತ್ತಾ ಬೇಲಿಯಲ್ಲಿ ಕಂಡ ಕಾಡುಪಾಪವನ್ನು ನಿಂತು ನೋಡುವುದಕ್ಕೆ ಕಾಗದ ಬೇಕಿಲ್ಲ. ನಮ್ಮದು ಹಾಗಿರಲಿಲ್ಲ. ತಿಂಗಳುಗಟ್ಟಲೆ, ಅದೇ ದಾರಿಗಳಲ್ಲಿ, ಬೆಳಕು ಹಾಯಿಸಿ ಹುಡುಕುವ ಕೆಲಸ. ಅದರಲ್ಲಿ ಸ್ವಲ್ಪ ಭಾಗ ಅರಣ್ಯದ ಗಡಿಯೊಳಗೂ ಬರುತ್ತಿತ್ತು. ಅಲ್ಲಿಗೆ ಅಪ್ಪಣೆಯಿಲ್ಲದೆ ಕಾಲಿಟ್ಟರೆ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರವೇ ತಪ್ಪು.

ಜೂನ್‌ನಲ್ಲಿ ಅರಣ್ಯ ಇಲಾಖೆಗೆ ಮೊದಲ ಅರ್ಜಿ ಹಾಕಿದೆ. ಎರಡು ಪುಟ. ಅದರಲ್ಲಿ ಒಂದೂಕಾಲು ಪುಟ ಕಾಡುಪಾಪದ ಮಹತ್ವವೇ ತುಂಬಿತ್ತು. ವಿಧಾನದ ಜಾಗದಲ್ಲಿ "ಅಗತ್ಯ ಬಿದ್ದರೆ ಹಿಡಿದು ತೂಕ, ಅಳತೆ ತೆಗೆದು ಬಿಡಲಾಗುವುದು" ಎಂದು ಬರೆದಿದ್ದೆ. ಎಲ್ಲೋ ಓದಿದ ಪ್ರಬಂಧದಲ್ಲಿ ಹಾಗೆ ಮಾಡಿದ್ದರು, ನಾನೂ ಸೇರಿಸಿಬಿಟ್ಟಿದ್ದೆ. ಅರ್ಜಿ ಪ್ರಶ್ನೆಗಳ ಸಮೇತ ವಾಪಸ್ ಬಂತು. ಯಾವ ಸರ್ವೆ ನಂಬರು? ಎಷ್ಟು ರಾತ್ರಿ? ಯಾರ್‍ಯಾರು? ಯಾವ ದೀಪ? ಹಿಡಿಯುವುದು ಯಾಕೆ, ಹಿಡಿಯಲು ಬಲ್ಲವರು ಯಾರು?

ಕೊನೆಯ ಪ್ರಶ್ನೆ ನನ್ನನ್ನು ಒಂದು ವಾರ ಕಾಡಿತು. ಕಾಲು ಕಿಲೋ ಆಸುಪಾಸು ತೂಗುವ ಪ್ರಾಣಿ ಅದು. ಹೆದರಿದರೆ ಕೊಂಬೆಯನ್ನು ಬಿಗಿಯಾಗಿ ಅಪ್ಪಿ ಅಲ್ಲಾಡದೆ ಕೂರುತ್ತದೆ. ಆ ಬೆರಳುಗಳನ್ನು ಬಿಡಿಸುವಾಗ ಏನಾಗಬಹುದು ಎಂದು ನಾನು ಯೋಚಿಸಿಯೇ ಇರಲಿಲ್ಲ. ನನಗೆ ಬೇಕಿದ್ದದ್ದು ಯಾವ ಬೇಲಿಗಳಲ್ಲಿ ಅವು ಉಳಿದಿವೆ ಎಂಬ ಲೆಕ್ಕ. ಅದಕ್ಕೆ ತೂಕ ಯಾಕೆ? ಆ ಸಾಲು ಹೊಡೆದು ಹಾಕಿದೆ. ಕಾಯ್ದೆಯ 12ನೇ ಕಲಮಿನಲ್ಲಿ ಶಿಕ್ಷಣಕ್ಕೆ, ವೈಜ್ಞಾನಿಕ ಸಂಶೋಧನೆಗೆ ವಿಶೇಷ ಪರವಾನಗಿ ಕೊಡುವ ದಾರಿ ಇದೆ. ಪ್ರಾಣಿಯನ್ನು ಮುಟ್ಟುವ ಕೆಲಸವಿದ್ದರೆ ಆ ದಾರಿಯಲ್ಲೇ ಹೋಗಬೇಕು. ನೋಡಿ ಎಣಿಸುವವರಿಗೆ ಅಷ್ಟು ದೂರದ ಹಾದಿ ಬೇಡ.

ಎರಡನೇ ಅರ್ಜಿ ಬರೆಯುವ ಮೊದಲು ವಲಯ ಅರಣ್ಯಾಧಿಕಾರಿಯವರ ಬಳಿ ಹೋಗಿ ಕೂತೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಬುದ್ಧಿವಂತಿಕೆಯ ಹೆಜ್ಜೆ ಅದೊಂದೇ. ಅರ್ಜಿಯನ್ನು ಬೆಂಗಳೂರಿನ ಅರಣ್ಯ ಭವನದಲ್ಲಿರುವ ಮುಖ್ಯ ವನ್ಯಜೀವಿ ಪರಿಪಾಲಕರ ಹೆಸರಿಗೇ ಬರೆದರೂ ಅಭಿಪ್ರಾಯ ಕೇಳಿಕೊಂಡು ಕಡತ ಜಿಲ್ಲೆಯ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಮೂಲಕ ಇಳಿದು ಬರುವುದು ಇದೇ ಮೇಜಿಗೆ. ಅವರು ನಕ್ಷೆ ಹರಡಿ, ಒಂದು ದಾರಿಯ ಮೇಲೆ ಬೆರಳಿಟ್ಟು, "ಇಲ್ಲಿ ಚಿರತೆ ಓಡಾಟ ಇದೆ ಮೇಡಂ, ಮಕ್ಕಳನ್ನ ಕರ್ಕೊಂಡು ಬರಬೇಡಿ" ಎಂದರು. ಆ ದಾರಿ ಬಿಟ್ಟೆ. ಉಳಿದ ನಾಲ್ಕು ದಾರಿಗಳನ್ನು ಒಂದೊಂದು ಕಿಲೋಮೀಟರಿನಂತೆ ಗುರುತು ಮಾಡಿದೆ. ಯಾವ ತಿಂಗಳು, ವಾರಕ್ಕೆ ಎಷ್ಟು ರಾತ್ರಿ, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಪ್ರತಿಯೊಬ್ಬರ ಗುರುತಿನ ಚೀಟಿ, ಪ್ರಾಂಶುಪಾಲರ ಪತ್ರ, ಹುಡುಗ ಹುಡುಗಿಯರ ಮನೆಯವರ ಒಪ್ಪಿಗೆ ಎಲ್ಲ ಸೇರಿಸಿದೆ.

ಪ್ರತ್ಯೇಕ ಪುಟವೊಂದಕ್ಕೆ "ನಮ್ಮಿಂದ ಆಗಬಹುದಾದ ತೊಂದರೆ" ಎಂದೇ ತಲೆಬರಹ ಕೊಟ್ಟೆ. ಬಿಳಿ ಬೆಳಕು ಬಿದ್ದರೆ ಆ ದೊಡ್ಡ ಕಣ್ಣುಗಳಿಗೆ ಹಿಂಸೆ, ಆದ್ದರಿಂದ ಬ್ಯಾಟರಿಗೆ ಕೆಂಪು ಜಿಲೆಟಿನ್ ಕಾಗದ ಸುತ್ತುತ್ತೇವೆ. ಕಣ್ಣಿನ ಕೆಂಪು ಹೊಳಪು ಕಂಡ ಮೇಲೆ ಎರಡು ನಿಮಿಷದೊಳಗೆ ಬರೆದುಕೊಂಡು ಬೆಳಕು ತಿರುಗಿಸುತ್ತೇವೆ. ಫ್ಲ್ಯಾಶ್ ಹಾಕಿ ಫೋಟೊ ತೆಗೆಯುವುದಿಲ್ಲ, ಕೊಂಬೆ ಅಲ್ಲಾಡಿಸುವುದಿಲ್ಲ. ಸಿಕ್ಕ ಜಾಗದ ನಿಖರ ಗುರುತನ್ನು ಇಲಾಖೆಗೆ ಬಿಟ್ಟು ಯಾರಿಗೂ ಕೊಡುವುದಿಲ್ಲ. ಮಾಟ ಮಂತ್ರಕ್ಕೆ, ಕಣ್ಣಿನ ಔಷಧಕ್ಕೆ ಎಂದು ಈ ಬಡಪ್ರಾಣಿಯನ್ನು ಹಿಡಿಯುವವರು ಇನ್ನೂ ಇದ್ದಾರೆ. ನಮ್ಮ ನಕ್ಷೆ ಅಂಥವರ ಕೈಗೆ ದಾರಿ ತೋರಿಸಬಾರದು.

ನವೆಂಬರ್ ಕೊನೆಗೆ ಅನುಮತಿ ಪತ್ರ ಬಂತು. ಮಾರ್ಚ್ 31ರವರೆಗೆ ಅವಧಿ. ಮುಟ್ಟಬಾರದು, ಇಲಾಖೆಯ ಸಿಬ್ಬಂದಿ ಜೊತೆಗಿರಬೇಕು, ಹೊರಡುವ ಮುನ್ನ ತಿಳಿಸಬೇಕು, ಮುಗಿದ ಮೇಲೆ ವರದಿ ಕೊಡಬೇಕು. ಷರತ್ತುಗಳಲ್ಲಿ ಹೆಚ್ಚಿನವು ನಾನೇ ಬರೆದುಕೊಟ್ಟಿದ್ದವು.

ಅರಣ್ಯ ಇಲಾಖೆಯ ಪತ್ರ ಇದ್ದರೆ ಸಾಕು ಎಂದುಕೊಂಡು ಮೊದಲ ರಾತ್ರಿಯೇ ಎಡವಿದೆವು. ಅಡಿಕೆ ಕೊಯ್ಲಿನ ಕಾಲ, ಕಳ್ಳರ ಕಾಟ. ಕೆಂಪು ದೀಪ ಹಿಡಿದು ಬೇಲಿ ಇಣುಕುವ ಆರು ಜನರನ್ನು ಕಂಡು ಊರವರು ದೊಣ್ಣೆ ಹಿಡಿದು ಬಂದರು. ಜೊತೆಗಿದ್ದ ಅರಣ್ಯ ಇಲಾಖೆಯ ವಾಚರ್ ಅಣ್ಣ ಅದೇ ಊರಿನ ಕಡೆಯವರಾದ್ದರಿಂದ ಮಾತಿನಲ್ಲೇ ಮುಗಿಯಿತು. ಮಾರನೇ ದಿನವೇ ಪೊಲೀಸ್ ಠಾಣೆಗೆ, ಗ್ರಾಮ ಪಂಚಾಯಿತಿಗೆ ಪತ್ರದ ಜೆರಾಕ್ಸ್ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆ. ಹಾಲಿನ ಡೈರಿಯ ಗೋಡೆಗೂ ಒಂದು ಅಂಟಿಸಿದೆವು. ಬೆಳಗ್ಗೆ ಸಂಜೆ ಊರೆಲ್ಲ ಬಂದು ನಿಲ್ಲುವ ಜಾಗ ಅದು. ಆಮೇಲೆ ತೋಟದವರೇ ಕರೆದು, "ನಿನ್ನೆ ರಾತ್ರಿ ನಮ್ ಹೊಂಗೆ ಮರದಾಗೆ ಕೂಗ್ತು" ಎಂದು ಹೇಳತೊಡಗಿದರು.

ಫೆಬ್ರುವರಿಯ ಒಂದು ರಾತ್ರಿ ಮೂರನೇ ದಾರಿಯಲ್ಲಿ ಎದೆಯೆತ್ತರದ ಕೊಂಬೆಯ ಮೇಲೆ ಒಂದು ಮರಿ ಸಿಕ್ಕಿತು. ಒಂದೇ. ಸುತ್ತ ಎಲ್ಲೂ ತಾಯಿ ಇಲ್ಲ. "ಬಿಟ್ಟು ಹೋಗಿದೆ ಮ್ಯಾಮ್, ನಾಯಿ ತಿನ್ನುತ್ತೆ" ಎಂದು ಒಬ್ಬಳು ಅಳುವ ಹಾಗಾದಳು. ಇನ್ನೊಬ್ಬ ಟವೆಲ್ ತೆಗೆದೂ ಆಗಿತ್ತು. ನನ್ನ ಕೈಯೂ ಮುಂದಾಗಿತ್ತು, ಸುಳ್ಳು ಹೇಳುವುದಿಲ್ಲ. ವಾಚರ್ ಅಣ್ಣ, "ಮುಟ್ಟಂಗಿಲ್ಲ ಅಂತ ಬರೆದೈತಲ್ಲ ಮೇಡಂ" ಎಂದರು. ಆಗ ತರಗತಿಯಲ್ಲಿ ನಾನೇ ಹೇಳಿಕೊಟ್ಟದ್ದು ನೆನಪಾಯಿತು. ಮರಿ ಹುಟ್ಟಿದ ಮೊದಲ ಕೆಲವು ವಾರ ತಾಯಿ ಅದನ್ನು ಹೊಟ್ಟೆಗೆ ಅಂಟಿಸಿಕೊಂಡೇ ತಿರುಗುತ್ತದೆ. ಆಮೇಲೆ ರಾತ್ರಿ ಒಂದು ಕೊಂಬೆಯಲ್ಲಿ ಕೂರಿಸಿ ಹುಳ ಹುಪ್ಪಟೆ ಹುಡುಕಿಕೊಂಡು ಹೋಗಿ ಬೆಳಗಾಗುವುದರೊಳಗೆ ಬಂದು ಎತ್ತಿಕೊಳ್ಳುತ್ತದೆ. ಊರಿನ ಜನ ಅನಾಥ ಎಂದುಕೊಂಡು ಮನೆಗೆ ತರುವ ಮರಿಗಳಲ್ಲಿ ಎಷ್ಟಕ್ಕೆ ತಾಯಿ ಕಾದಿತ್ತೋ.

ಬೆಳಕು ಆರಿಸಿ ದೂರ ಬಂದು ಕೂತೆವು. ಬೆಳಗ್ಗೆ ಐದೂಮುಕ್ಕಾಲಿಗೆ ವಾಚರ್ ಅಣ್ಣನೊಬ್ಬರೇ ಆ ದಾರಿಯಲ್ಲಿ ಹೋಗಿ ಬಂದರು. ಕೊಂಬೆ ಖಾಲಿ ಇತ್ತು, ಕೆಳಗೆ ಕೂದಲಾಗಲಿ ರಕ್ತವಾಗಲಿ ಇರಲಿಲ್ಲ.

ವರದಿಯ ಎರಡು ಪ್ರತಿ ಏಪ್ರಿಲ್‌ನಲ್ಲಿ ಕೊಟ್ಟೆ. ಪಂಚಾಯಿತಿಗೆ ಕೊಟ್ಟ ಪ್ರತಿಯಲ್ಲಿ ನಕ್ಷೆ ಇಲ್ಲ, ಯಾವ ಮರಗಳಿರುವ ಬೇಲಿ ಕಡಿಯಬಾರದು ಎಂಬುದು ಮಾತ್ರ ಇದೆ. ಮುಂದಿನ ಅವಧಿಗೆ ಈಗ ಅರ್ಜಿ ಹಾಕಿದ್ದೇನೆ. "ನಮ್ಮಿಂದ ಆಗಬಹುದಾದ ತೊಂದರೆ" ಪುಟದಲ್ಲಿ ಈ ಸಲ ಒಂದು ಸಾಲು ಹೆಚ್ಚಿದೆ: ಒಂಟಿ ಮರಿ ಕಂಡರೆ ತಕ್ಷಣ ದೀಪ ಆರಿಸಿ ಹಿಂದಿರುಗುತ್ತೇವೆ, ಆ ದಾರಿಯಲ್ಲಿ ಮುಂದಿನ ಹದಿನೈದು ದಿನ ನಡೆಯುವುದಿಲ್ಲ.