ಹಳೆಯ ಬೇಸಿಸ್‌ನಿಂದ ಹೊಸ ಲೆಕ್ಕ: ಲೀನಿಯರ್ ಪ್ರೋಗ್ರಾಮಿಂಗ್ ಸಾಲ್ವರ್‌ಗೆ ಆರಂಭಬಿಂದು ಕೊಡುವಾಗ ನನ್ನ ಅನುಭವ

ಲೀನಿಯರ್ ಪ್ರೋಗ್ರಾಮಿಂಗ್ ಎಂದರೆ ರೇಖೀಯ ನಿರ್ಬಂಧಗಳನ್ನು ಪಾಲಿಸುತ್ತ ಒಂದು ರೇಖೀಯ ಉದ್ದೇಶ ಫಲನದ ಅತ್ಯುತ್ತಮ ಬೆಲೆ ಹುಡುಕುವುದು; ಅದನ್ನು ಬಿಡಿಸುವ ತಂತ್ರಾಂಶವೇ ಸಾಲ್ವರ್. ಒಂದೇ ಮಾದರಿಯನ್ನು ಸಣ್ಣಪುಟ್ಟ ಬದಲಾವಣೆ ಮಾಡಿ ಮತ್ತೆ ಮತ್ತೆ ಬಿಡಿಸಬೇಕಾದಾಗ ನಾನು ಸಾಲ್ವರ್‌ಗೆ ಕೊಡುವುದು ಹಿಂದಿನ ಉತ್ತರದ ಬೆಲೆಗಳನ್ನಲ್ಲ, ಬೇಸಿಸ್ ಅನ್ನು, ಅಂದರೆ ನಿರ್ಬಂಧಗಳ ಸಮೀಕರಣಗಳಿಂದ ಬೆಲೆ ಸಿಗುವ ಚರಾಕ್ಷರಗಳ ಗುಂಪನ್ನು; ಉಳಿದವು ತಮ್ಮ ಮಿತಿಯಲ್ಲೇ ನಿಂತಿರುತ್ತವೆ. ಯಾವ ಚರಾಕ್ಷರ ಬೇಸಿಸ್‌ನಲ್ಲಿದೆ, ಯಾವುದು ಕೆಳಮಿತಿಯಲ್ಲಿ ಅಥವಾ ಮೇಲ್ಮಿತಿಯಲ್ಲಿ ನಿಂತಿದೆ ಎಂದು ತಿಳಿದರೆ ಸಾಕು, ಬೆಲೆಗಳನ್ನು ಸಿಂಪ್ಲೆಕ್ಸ್ (ಒಂದು ಬೇಸಿಸ್‌ನಿಂದ ಇನ್ನೊಂದಕ್ಕೆ ಸಾಗುತ್ತ ಉತ್ತರ ಹುಡುಕುವ ವಿಧಾನ) ತಾನೇ ಲೆಕ್ಕ ಹಾಕಿಕೊಳ್ಳುತ್ತದೆ.

ಎಣಿಕೆ ತಪ್ಪಬಾರದು. 4,000 ನಿರ್ಬಂಧ, 9,000 ಚರಾಕ್ಷರ ಇದ್ದರೆ ಸ್ಲ್ಯಾಕ್‌ಗಳೂ (ಪ್ರತಿ ನಿರ್ಬಂಧದಲ್ಲಿ ಉಳಿದ ಅಂತರ ಅಳೆಯುವ ಹೆಚ್ಚುವರಿ ಚರಾಕ್ಷರಗಳು) ಸೇರಿ 13,000 ಸ್ಥಿತಿಗಳು; ಅವುಗಳಲ್ಲಿ ಕರಾರುವಾಕ್ಕಾಗಿ 4,000 ಬೇಸಿಸ್‌ನಲ್ಲಿರಬೇಕು. ಹೊಸ ನಿರ್ಬಂಧ ಸೇರಿಸಿದರೆ ಅದರ ಸ್ಲ್ಯಾಕ್ ಬೇಸಿಸ್‌ಗೆ; ಹೊಸ ಚರಾಕ್ಷರವಾದರೆ ಅದರ ಮಿತಿಯ ಮೇಲೆ. ಅಳಿಸುವಾಗಲೇ ಲೆಕ್ಕ ಕೆಡುವುದು. ಸ್ಲ್ಯಾಕ್ ಬೇಸಿಸ್‌ನ ಹೊರಗಿದ್ದ ನಿರ್ಬಂಧವನ್ನು ತೆಗೆದರೆ ಬೇಸಿಸ್‌ನಲ್ಲಿ ಒಂದು ಚರಾಕ್ಷರ ಹೆಚ್ಚಾಗುತ್ತದೆ. ಬೇಸಿಸ್‌ನಲ್ಲಿದ್ದ ಚರಾಕ್ಷರವನ್ನು ತೆಗೆದರೆ ಒಂದು ಜಾಗ ಖಾಲಿ, ಅಲ್ಲಿ ಒಂದು ಸ್ಲ್ಯಾಕ್ ಕೂರಿಸುತ್ತೇನೆ. ಸ್ಥಿತಿಗಳನ್ನು ಯಾವಾಗಲೂ ಹೆಸರಿನ ಮೂಲಕ ಹೊಂದಿಸಿ, ಕ್ರಮಸಂಖ್ಯೆಯಿಂದ ಬೇಡ. ಸಾಲುಗಳ ಕ್ರಮ ಬದಲಾದರೆ ಎಣಿಕೆ ಸರಿಯಿದ್ದೂ ಬೇಸಿಸ್ ಅರ್ಥಹೀನ. ಮೇಲ್ಮಿತಿಯಲ್ಲಿ ನಿಂತ ಚರಾಕ್ಷರದ ಮೇಲ್ಮಿತಿಯನ್ನೇ ತೆಗೆದುಹಾಕಿದ್ದೀರಾ ಎಂದೂ ನೋಡಿ.

ಮುಂದೆ ಯಾವ ವಿಧಾನ ಎಂಬುದನ್ನು ಏನು ಬದಲಾಗಿದೆ ಎಂಬುದೇ ಹೇಳುತ್ತದೆ. ಬಲಬದಿಯ ಸಂಖ್ಯೆ ಬದಲಾದರೆ, ನಿರ್ಬಂಧ ಸೇರಿದರೆ, ಹಳೆಯ ಬೇಸಿಸ್ ಡ್ಯುಯಲ್ ಕಡೆಯಿಂದ (ನಿರ್ಬಂಧ ಮೀರಿದರೂ ಅತ್ಯುತ್ತಮತೆಯ ಶರತ್ತು ಕೆಡದೆ) ಸಾಧುವಾಗಿಯೇ ಉಳಿಯುತ್ತದೆ: ಡ್ಯುಯಲ್ ಸಿಂಪ್ಲೆಕ್ಸ್. ಉದ್ದೇಶ ಫಲನ ಬದಲಾದರೆ, ಚರಾಕ್ಷರ ಸೇರಿದರೆ ಅದು ಪ್ರೈಮಲ್ ಕಡೆಯಿಂದ (ನಿರ್ಬಂಧಗಳನ್ನು ಪಾಲಿಸುತ್ತ) ಸಾಧುವಾಗಿ ಉಳಿಯುತ್ತದೆ: ಪ್ರೈಮಲ್ ಸಿಂಪ್ಲೆಕ್ಸ್. ಬೇಸಿಸ್‌ನೊಳಗಿನ ಗುಣಾಂಕಗಳೇ ಬದಲಾದರೆ ಎರಡೂ ಬಗೆಯ ಸಾಧುತ್ವ ಕೈತಪ್ಪಬಹುದು. ಬೇಸಿಸ್‌ನ ಮ್ಯಾಟ್ರಿಕ್ಸ್ ಸಿಂಗ್ಯುಲರ್ ಆದರೆ (ಕಾಲಂಗಳು ಒಂದನ್ನೊಂದು ಅವಲಂಬಿಸಿ ವಿಲೋಮ ಇಲ್ಲವಾದರೆ) ಸಾಲ್ವರ್ ಕೆಲವು ಕಾಲಂಗಳನ್ನು ಹೊರಹಾಕಿ ಸ್ಲ್ಯಾಕ್ ತುಂಬುತ್ತದೆ.

ಕೈಯಲ್ಲಿ ಬರೀ ಬೆಲೆಗಳಿದ್ದರೆ? ಎರಡು ಮಿತಿಗಳ ನಡುವೆ ಇರುವವನ್ನು ಬೇಸಿಸ್‌ಗೆ ಹಾಕಿ, ಕಡಿಮೆ ಬಿದ್ದಷ್ಟು ಜಾಗಕ್ಕೆ ಸ್ಲ್ಯಾಕ್ ತುಂಬುತ್ತೇನೆ. ಅಂಥವು ನಿರ್ಬಂಧಗಳ ಸಂಖ್ಯೆಗಿಂತ ಹೆಚ್ಚಿದ್ದರೆ ಆ ಬಿಂದು ಶೃಂಗವೇ (ಸಾಧ್ಯ ಉತ್ತರಗಳ ಪ್ರದೇಶದ ಮೂಲೆ) ಅಲ್ಲ, ಅದನ್ನು ಶೃಂಗಕ್ಕೆ ಸರಿಸುವ ಕ್ರಾಸ್‌ಓವರ್ ಬೇಕು. ಇಂಟೀರಿಯರ್ ಪಾಯಿಂಟ್ ವಿಧಾನಕ್ಕೆ ಹಳೆಯ ಉತ್ತರ ಕೊಟ್ಟು ಹೆಚ್ಚು ನಿರೀಕ್ಷಿಸಬೇಡಿ: ಅದು ಗಡಿಯಿಂದ ದೂರ, ಮಧ್ಯದ ಹಾದಿಯಲ್ಲಿ ನಡೆಯುತ್ತದೆ, ಹಳೆಯ ಉತ್ತರ ಗಡಿಗೆ ಅಂಟಿಕೊಂಡಿರುತ್ತದೆ.

ಪ್ರಿಸಾಲ್ವ್, ಅಂದರೆ ಬಿಡಿಸುವ ಮೊದಲು ಮಾದರಿಯನ್ನು ಕುಗ್ಗಿಸುವ ಹಂತ, ಅದನ್ನು ಮರೆಯಬೇಡಿ. ಗುರೋಬಿ ಎಂಬ ಸಾಲ್ವರ್‌ನಲ್ಲಿ ಎಲ್‌ಪಿವಾರ್ಮ್‌ಸ್ಟಾರ್ಟ್ (LPWarmStart) ಎಂಬ ಆಯ್ಕೆ 1 ಇದ್ದರೆ, ಅಂದರೆ ತಾನಾಗಿ ಇರುವ ಬೆಲೆಯಲ್ಲಿ, ಬೇಸಿಸ್ ಕೊಟ್ಟ ಮಾದರಿ ಪ್ರಿಸಾಲ್ವ್ ಇಲ್ಲದೆ ಓಡುತ್ತದೆ; 2 ಇಟ್ಟರೆ ಬೇಸಿಸ್ ಕುಗ್ಗಿದ ಮಾದರಿಗೆ ವರ್ಗವಾಗುತ್ತದೆ. ದೊಡ್ಡ ಮಾದರಿಗಳಲ್ಲಿ ನಾನು ಮೂರು ಓಟಗಳನ್ನು ಹೋಲಿಸುತ್ತೇನೆ: 0 (ಕೊಟ್ಟ ಬೇಸಿಸ್ ಕಡೆಗಣಿಸಿ ಮೊದಲಿನಿಂದ), 1, 2. ಸಿಂಪ್ಲೆಕ್ಸ್ ಸುತ್ತುಗಳ ಸಂಖ್ಯೆ ಇಳಿದೂ ಸಮಯ ಏರಿದ್ದರೆ ಕಾರಣ ಬಹುತೇಕ ಕೈಬಿಟ್ಟ ಪ್ರಿಸಾಲ್ವ್.