ತುಕ್ಕಿನ ಮೇಲೆ ಪೇಂಟ್ ಬಳಿಯಬೇಡಿ

ಮೇ ಕೊನೆಗೆ ಮೋಡ ಕಟ್ಟಿದಾಗಲೇ ನಮ್ಮ ಕೊಡಗಿನಲ್ಲಿ ಎಲ್ಲರಿಗೂ ಗೇಟಿನ ನೆನಪು. ಒಂದು ಡಬ್ಬ ರೆಡ್ ಆಕ್ಸೈಡ್, ಅಂದರೆ ಕಬ್ಬಿಣಕ್ಕೆ ಮೊದಲು ಹಚ್ಚುವ ಕೆಂಪು ಪ್ರೈಮರ್, ತಂದು ತುಕ್ಕಿನ ಮೇಲೇ ಬಳಿಯುತ್ತಾರೆ. ಆಗಸ್ಟಿನಲ್ಲಿ ಅದು ಹಪ್ಪಳದ ಹಾಗೆ ಎದ್ದು ಬರುತ್ತದೆ. ನಾನೂ ಎರಡು ವರ್ಷ ಹೀಗೇ ದುಡ್ಡು ಕಳೆದವನು.

ಕಾಫಿ ಕೊಯ್ಲು ಮುಗಿದ ಮೇಲೆ, ಫೆಬ್ರವರಿ ಮಾರ್ಚಿನಲ್ಲಿ ಮಾಡಿ. ಆಗಲೂ ಬಿಸಿಲೇರುವ ತನಕ ಕಾಯಿರಿ, ಮಂಜಿಗೆ ಕಬ್ಬಿಣ ಬೆವರಿರುತ್ತದೆ.

ಕೆರೆಯುವುದೇ ಅಸಲಿ ಕೆಲಸ. ಎದ್ದ ಪೇಂಟನ್ನು ಹಳೇ ಉಳಿಯಿಂದ ಎಬ್ಬಿಸಿ, ವೈರ್ ಬ್ರಷ್ ಹಾಕಿ, ಆಮೇಲೆ 80 ನಂಬರಿನ ಎಮರಿ ಪೇಪರ್, ಕೊನೆಗೆ 120. ನೇರ ಕಂಬಿಗಳನ್ನು ಎಲ್ಲರೂ ಚೆನ್ನಾಗಿಯೇ ಉಜ್ಜುತ್ತಾರೆ. ತುಕ್ಕು ಕೂತಿರುವುದು ವೆಲ್ಡಿಂಗ್ ಮೂಲೆಯಲ್ಲಿ, ಕೀಲಿನ ಹಿಂದೆ, ಕೆಸರು ಸಿಡಿಯುವ ಕೆಳಪಟ್ಟಿಯ ಅಡಿಯಲ್ಲಿ. ಎಮರಿಯನ್ನು ಬೀಡಿಯ ಹಾಗೆ ಸುತ್ತಿ ಮೂಲೆಗೆ ತುರುಕಿ ಉಜ್ಜಿ. ಬಿಳಿ ಬಟ್ಟೆಯಿಂದ ಒತ್ತಿ ಒರೆಸಿ ನೋಡಿ, ಕೆಂಪು ಪುಡಿ ಹತ್ತಿದರೆ ಮತ್ತೆ ಉಜ್ಜಬೇಕು. ಸಣ್ಣ ಗುಳಿಯಲ್ಲಿ ಕಪ್ಪು ಕಲೆ ಉಳಿದರೆ ಪರವಾಗಿಲ್ಲ, ಪುಡಿ ಮಾತ್ರ ಉದುರಬಾರದು.

ಆಮೇಲೆ ನೀರು ಹಾಕಿ ತೊಳೆಯಬೇಡಿ. ಥಿನ್ನರ್ ಬಟ್ಟೆಯಲ್ಲಿ ಒರೆಸಿದರೆ ಸಾಕು. ಸೀಮೆಎಣ್ಣೆ ಬೇಡವೇ ಬೇಡ, ಪಸೆ ಉಳಿದು ಪೇಂಟ್ ಹಿಡಿಯುವುದಿಲ್ಲ. ನಮ್ಮ ಚಿಕ್ಕಪ್ಪ ಪ್ರತಿ ವರ್ಷ ಗಾಡಿಯ ಸುಟ್ಟ ಆಯಿಲ್ ಬಳಿಯುತ್ತಾರೆ. ತುಕ್ಕು ಕಮ್ಮಿ ಆಗುತ್ತೆ, ನಿಜ. ಆದ್ರೆ ಗೇಟು ತೆಗೆದವರ ಕೈಯೆಲ್ಲ ಕಪ್ಪು, ಮುಂದೆ ಆ ಗೇಟಿಗೆ ಪೇಂಟೂ ನಿಲ್ಲಲ್ಲ.

ಕೆರೆದ ದಿನವೇ ಪ್ರೈಮರ್ ಹೊಡೆಯಿರಿ. ರಾತ್ರಿ ಬಿಟ್ಟರೆ ಬೆಳಿಗ್ಗೆಗೆ ಮತ್ತೆ ಕಂದು ಹತ್ತುತ್ತದೆ. ರೆಡ್ ಆಕ್ಸೈಡ್ ಒಂದೇ ಸಾಕು ಅಂತ ಬಿಡುವವರು ಬಹಳ ಜನ. ಅದು ಬರೀ ಅಡಿಪದರ, ತೇವವನ್ನು ಒಳಗೆ ಬಿಡುತ್ತದೆ. ಮರುದಿನ ಎನಾಮಲ್ ಎರಡು ಕೋಟ್, ತೆಳುವಾಗಿ, ನಡುವೆ ಒಂದು ರಾತ್ರಿ ಬಿಟ್ಟು. ದಪ್ಪಗೆ ಒಂದೇ ಕೋಟ್ ಬಳಿದರೆ ಮೇಲೆ ಒಣಗಿ ಒಳಗೆ ಹಸಿಯಾಗಿ ಉಳಿಯುತ್ತದೆ.

ಕಬ್ಬಿಣದ ಕುರ್ಚಿ, ಬಟ್ಟೆ ಒಣಗಿಸುವ ಸ್ಟ್ಯಾಂಡಿಗೂ ಇದೇ ರೀತಿ. ಜಿಐ ಪೈಪನ್ನು ಮಾತ್ರ ಹೀಗೆ ಕೆರೆಯಬೇಡಿ, ಮೇಲಿರುವ ಸತುವಿನ ಲೇಪವೇ ಅದನ್ನು ಕಾಯುವುದು. ಬಣ್ಣ ಬೇಕೇ ಬೇಕಿದ್ದರೆ ಅಂಗಡಿಯಲ್ಲಿ ಜಿಐಗೆ ಅಂತಲೇ ಬರುವ ಪ್ರೈಮರ್ ಕೇಳಿ.

ಗೇಟಿನ ಚೌಕದ ಪೈಪಿನೊಳಗೆ ನೀರು ನಿಲ್ಲುತ್ತಿದ್ದರೆ ಹೊರಗೆ ಎಷ್ಟು ಬಳಿದರೂ ದಂಡ, ಒಳಗಿಂದಲೇ ತಿನ್ನುತ್ತದೆ. ತಳದಲ್ಲಿ ಸಣ್ಣ ತೂತು ಕೊರೆಸಿ. ನಮ್ಮ ಗೇಟಿಗೆ ಕೊರೆಸಿದ ದಿನ ಒಂದು ಚೊಂಬು ಕೆಂಪು ನೀರು ಸುರಿಯಿತು.