ಇಂಗ್ಲೆಂಡಲ್ಲಿ ಹೊಸ ಮನೆ ತಗೊಂಡವ್ರು ನೆಲದ ಕೆಳಗೆ ಗಾಳಿ ಆಡ್ತಿದ್ಯಾ ಒಂದ್ಸಲ ನೋಡ್ಕೊಳ್ಳಿ

ನಮ್ಮೂರಲ್ಲಿ ಪಾಯ ಎಬ್ಬಿಸಿ ಒಳಗೆ ಮಣ್ಣು ತುಂಬಿ ನೀರು ಬಿಟ್ಟು ದಮ್ಮಸ್ ಹೊಡೆದು ಅದರ ಮೇಲೆ ಕಾಂಕ್ರೀಟ್ ಹಾಕ್ತಾರೆ, ನೆಲದ ಕೆಳಗೆ ಟೊಳ್ಳು ಅನ್ನೋದೇ ಇರಲ್ಲ. ಅದಕ್ಕೇ ಇಲ್ಲಿ ಮನೆ ತಗೊಂಡಾಗ ಗೋಡೆ ಬುಡದಲ್ಲಿರೋ ತೂತು ತೂತಿನ ಪ್ಲಾಸ್ಟಿಕ್ ಇಟ್ಟಿಗೆ ಕಡೆ ನಮ್ಮವರ ಕಣ್ಣು ಹೋಗೋದೇ ಇಲ್ಲ. ಇವರು ಅದನ್ನ ಏರ್‌ಬ್ರಿಕ್ ಅಂತಾರೆ, ನೆಲದ ಕೆಳಗಿನ ಟೊಳ್ಳಿಗೆ ಗಾಳಿ ಹೋಗೋದು ಅದರಿಂದಲೇ. ನಮ್ಮನೆಗೆ ಬಂದು ಎಂಟು ತಿಂಗಳಿಗೆ ಹಾಲ್ ಮೂಲೆಲಿ ಮುಗ್ಗಲು ವಾಸನೆ ಶುರುವಾಯ್ತು, ಹುಡುಕ್ತಾ ಹೋದ್ರೆ ಹಿಂದುಗಡೆ ಗೋಡೆಯ ಎರಡು ಏರ್‌ಬ್ರಿಕ್ ಬರೀ ನೋಡೋಕೆ ಇದ್ವು, ಹಿಂದೆ ದಾರಿನೇ ಇರ್ಲಿಲ್ಲ. ನಿಮಗೆ ಹಂಗಾಗ್ಬಾರ್ದು ಅಂತ ಬರೀತಿದೀನಿ.

ಮೊದಲು ನಿಮ್ಮನೆ ನೆಲ ಯಾವ ತರದ್ದು ಅಂತ ತಿಳ್ಕೊಳ್ಳಿ. ಇಲ್ಲಿ ತುಂಬಾ ಹೊಸ ಮನೆಗಳಲ್ಲಿ ಬೀಮ್ ಅಂಡ್ ಬ್ಲಾಕ್ ನೆಲ, ಅಂದ್ರೆ ಕಾಂಕ್ರೀಟ್ ತೊಲೆಗಳ ನಡುವೆ ಬ್ಲಾಕ್ ಜೋಡಿಸಿರ್ತಾರೆ, ಕೆಳಗೆ ಕನಿಷ್ಠ 150 ಮಿಲಿಮೀಟರ್ ಖಾಲಿ ಜಾಗ ಇರ್ಬೇಕು. ಜೇಡಿಮಣ್ಣಿನ ಜಾಗ ಆದ್ರೆ ಮಣ್ಣು ಉಬ್ಬೋದಕ್ಕೆ ಇನ್ನೂ ಜಾಸ್ತಿ ಬಿಡ್ತಾರೆ. ಕೆಲವು ಮನೆಗಳಲ್ಲಿ ಮರದ ನೆಲ ಇರುತ್ತೆ, ಅಲ್ಲಿ ಗಾಳಿ ನಿಂತ್ರೆ ಮರ ತೇವ ಹೀರುತ್ತೆ, ತೇವ 20 ಪರ್ಸೆಂಟ್ ದಾಟಿ ಹಾಗೇ ಉಳಿದ್ರೆ ಕೊಳೆಯೋಕೆ ಶುರು. ಕಾಂಕ್ರೀಟ್ ನೆಲ ಅಲ್ವಾ ನಮಗೇನು ಅಂತ ಬಿಡ್ಬೇಡಿ, ಗ್ಯಾಸ್ ಪೈಪ್ ಸೋರಿದ್ರೆ ಅಥವಾ ಹಳೇ ಕಸ ತುಂಬಿದ ಜಾಗದಿಂದ ಮೀಥೇನ್ ಬಂದ್ರೆ ಅದು ಹೊರಗೆ ಹೋಗೋಕೂ ಇದೇ ದಾರಿ.

ಎಷ್ಟು ತೂತು ಬೇಕು ಅನ್ನೋದಕ್ಕೆ ಲೆಕ್ಕ ಇದೆ. ಬಿಲ್ಡಿಂಗ್ ರೆಗ್ಯುಲೇಷನ್ಸ್‌ನ ಅಪ್ರೂವ್ಡ್ ಡಾಕ್ಯುಮೆಂಟ್ ಸಿ ಪ್ರಕಾರ ಹೊರಗೋಡೆಯ ಪ್ರತಿ ಮೀಟರ್‌ಗೆ 1500 ಚದರ ಮಿಲಿಮೀಟರ್ ತೂತು, ಅಥವಾ ನೆಲದ ಪ್ರತಿ ಚದರ ಮೀಟರ್‌ಗೆ 500 ಚದರ ಮಿಲಿಮೀಟರ್, ಎರಡರಲ್ಲಿ ಯಾವುದು ಜಾಸ್ತಿನೋ ಅಷ್ಟು, ಅದೂ ಎದುರುಬದುರು ಗೋಡೆಗಳಲ್ಲಿ, ಯಾಕಂದ್ರೆ ಒಂದು ಕಡೆಯಿಂದ ಬಂದ ಗಾಳಿ ಇನ್ನೊಂದು ಕಡೆ ಹೋಗ್ಬೇಕು. 8 ಮೀಟರ್ ಉದ್ದ 5 ಮೀಟರ್ ಅಗಲದ ಡಿಟ್ಯಾಚ್ಡ್ ಮನೆ, ಅಂದ್ರೆ ನಾಲ್ಕೂ ಕಡೆ ಬಿಡಿಯಾಗಿ ನಿಂತ ಮನೆ ಅಂದ್ಕೊಳ್ಳಿ, ಸುತ್ತಳತೆ 26 ಮೀಟರ್, ಅಂದ್ರೆ 39,000 ಬೇಕು, ನೆಲದ ಲೆಕ್ಕದಲ್ಲಿ 20,000 ಅಷ್ಟೇ ಬರುತ್ತೆ, ಹಾಗಾಗಿ 39,000 ಹಿಡೀಬೇಕು. ಒಂದು ಏರ್‌ಬ್ರಿಕ್ 6,000 ಕೊಡುತ್ತೆ ಅಂದ್ರೆ ಏಳು ಬೇಕು. ಅದೇ ಅಳತೆಯ ಟೆರೇಸ್ ಮನೆ, ಅಂದ್ರೆ ಎರಡೂ ಪಕ್ಕ ಬೇರೆ ಮನೆಗೆ ಅಂಟಿಕೊಂಡಿರೋ ಸಾಲುಮನೆ, ಮುಂದೆ ಹಿಂದೆ ಐದೈದು ಮೀಟರ್ ಗೋಡೆ ಮಾತ್ರ ಹೊರಗಿದೆ ಅಂದ್ರೆ 15,000 ಬರುತ್ತೆ, ಆಗ ನೆಲದ ಲೆಕ್ಕದ 20,000 ನಡೆಯುತ್ತೆ. ನಿಮ್ಮನೇಲಿ ಹಾಕಿರೋ ಏರ್‌ಬ್ರಿಕ್ ಎಷ್ಟು ಕೊಡುತ್ತೆ ಅನ್ನೋದು ಅದರ ಕಂಪನಿ ಡೇಟಾಶೀಟಲ್ಲಿ ಸಿಗುತ್ತೆ. ಮಣ್ಣಿನ ಏರ್‌ಬ್ರಿಕ್ ಆದ್ರೆ ಪ್ಲಾಸ್ಟಿಕ್ಕಿಗಿಂತ ತುಂಬಾ ಕಮ್ಮಿ.

ಈಗ ಮನೆ ಸುತ್ತ ಒಂದು ಸುತ್ತು ಹಾಕಿ ಎಣಿಸಿ. ಹುಲ್ಲು, ಸ್ಲ್ಯಾಬ್, ಜಲ್ಲಿ, ಕಾರ್ ನಿಲ್ಸೋಕೆ ಹಾಕಿದ ಬ್ಲಾಕ್ ಏರ್‌ಬ್ರಿಕ್ ಮುಚ್ಚಿದ್ಯಾ ನೋಡಿ. ಇದೇ ಹೆಚ್ಚಾಗಿ ಕಾಣೋ ತಪ್ಪು, ಗೋಡೆ ಕಟ್ಟೋರು ಸರಿಯಾಗೇ ಇಟ್ಟಿರ್ತಾರೆ, ಆಮೇಲೆ ಗಾರ್ಡನ್ ಮಾಡೋರು ಬಂದು ಮಣ್ಣು ಎತ್ತರಿಸಿ ಹೂತುಬಿಡ್ತಾರೆ. ಡಿಪಿಸಿ ಅಂದ್ರೆ ಗೋಡೆಯ ತೇವ ತಡೆಯೋ ಪದರ, ಅದು ಹೊರಗಿನ ನೆಲಕ್ಕಿಂತ 150 ಮಿಲಿಮೀಟರ್ ಮೇಲಿರ್ಬೇಕು, ಅದನ್ನೂ ಟೇಪ್ ಹಿಡಿದು ಅಳೆದುಬಿಡಿ.

ಹೊರಗೆ ಚೆನ್ನಾಗಿ ಕಂಡ್ರೂ ಒಳಗೆ ದಾರಿ ಇದೆ ಅಂತ ನಂಬ್ಬೇಡಿ. ಇಲ್ಲಿ ಗೋಡೆ ಎರಡು ಪದರ, ನಡುವೆ ಸಂದು. ಹೊರಗಿನ ಏರ್‌ಬ್ರಿಕ್ಕಿನಿಂದ ಸಂದು ದಾಟಿ ಕೆಳಗಿಳಿದು ಟೊಳ್ಳಿಗೆ ಹೋಗೋಕೆ ಝಡ್ ಆಕಾರದ ಪ್ಲಾಸ್ಟಿಕ್ ಡಬ್ಬಿ ಇರುತ್ತೆ, ಪೆರಿಸ್ಕೋಪ್ ವೆಂಟ್ ಅಂತಾರೆ. ಅದನ್ನ ಹಾಕೋದೇ ಮರೆತಿರ್ತಾರೆ, ಇಲ್ಲಾ ಟೊಳ್ಳಿಗೆ ಮುಟ್ಟೋ ಹಾಗೆ ಪೂರ್ತಿ ಎಳೆದು ಉದ್ದ ಮಾಡಿರಲ್ಲ, ಇಲ್ಲಾ ಕೆಳಗಿನ ಬಾಯಿಗೆ ಗಾರೆ ಬಿದ್ದು ಕಟ್ಕೊಂಡಿರುತ್ತೆ. ಫೋನಿಗೆ ಸಿಕ್ಕಿಸೋ ಎಂಡೋಸ್ಕೋಪ್ ಕ್ಯಾಮೆರಾ ಆನ್‌ಲೈನಲ್ಲಿ ಕಮ್ಮಿ ಬೆಲೆಗೆ ಸಿಗುತ್ತೆ, ತೂತಲ್ಲಿ ತೂರಿಸಿ ನೋಡಿ, ನಮ್ಮನೇದು ಹಿಂಗೇ ಗೊತ್ತಾಗಿದ್ದು, ಕ್ಯಾಮೆರಾ ಸೀದಾ ಸಂದಿಗೆ ತುಂಬಿರೋ ಇನ್ಸುಲೇಷನ್‌ಗೆ ಹೋಗಿ ತಗಲ್ತು. ಟೊಳ್ಳಿನೊಳಗೆ ನೀರು ನಿಂತಿದ್ಯಾ, ಸೈಟಿನ ಕಸ ಬಿಟ್ಟಿದ್ದಾರಾ, ಒಳಗಿನ ಅಡ್ಡಗೋಡೆಗಳಲ್ಲಿ ಗಾಳಿ ದಾಟೋಕೆ ತೂತು ಬಿಟ್ಟಿದ್ದಾರಾ ಅದನ್ನೂ ನೋಡಿ. ಗಾಳಿ ಬೀಸೋ ದಿನ ಏರ್‌ಬ್ರಿಕ್ ಹತ್ರ ಊದುಬತ್ತಿ ಹಿಡಿದ್ರೆ ಹೊಗೆ ಒಳಗೋ ಹೊರಗೋ ಎಳೀಬೇಕು, ಇದು ಸುಳಿವು ಮಾತ್ರ, ಕ್ಯಾಮೆರಾದಷ್ಟು ಗಟ್ಟಿ ಸಾಕ್ಷಿ ಅಲ್ಲ. ಗ್ಯಾಸ್ ವಾಸನೆ ಇದ್ರೆ ಮಾತ್ರ ಬೆಂಕಿಕಡ್ಡಿ ಮುಟ್ಲೇಬೇಡಿ, ಹೊರಗೆ ಬಂದು 0800 111 999ಗೆ ಫೋನ್ ಮಾಡಿ.

ಬಿಲ್ಡರ್‌ಗೆ ಫೋನಲ್ಲಿ ಹೇಳಿ ಸುಮ್ಮನಾಗ್ಬೇಡಿ. ಸೈಟ್ ಮ್ಯಾನೇಜರ್ ಬದಲಾಗ್ತಾನೆ, ಮಾತು ಗಾಳಿಗೆ ಹೋಗುತ್ತೆ. ಇಮೇಲ್ ಹಾಕಿ, ಯಾವ ಗೋಡೆ, ಮೂಲೆಯಿಂದ ಎಷ್ಟು ದೂರ, ಟೇಪ್ ಇಟ್ಟು ತೆಗೆದ ಫೋಟೋ, ಕ್ಯಾಮೆರಾ ವಿಡಿಯೋ, ಮೇಲಿನ ಲೆಕ್ಕ ಎಲ್ಲಾ ಹಾಕಿ, ವೆಂಟ್ ಎಲ್ಲೆಲ್ಲಿ ಇರ್ಬೇಕಿತ್ತು ಅನ್ನೋ ಡ್ರಾಯಿಂಗ್ ಕೇಳಿ. ಎನ್‌ಎಚ್‌ಬಿಸಿ ಅನ್ನೋದು ಹೊಸ ಮನೆಗಳಿಗೆ ವಾರಂಟಿ ಕೊಡೋ ಸಂಸ್ಥೆ, ಅದರ ವಾರಂಟಿ 10 ವರ್ಷದ್ದು ಅಂತ ಧೈರ್ಯವಾಗಿ ಕೂತವ್ರು ತುಂಬಾ ಜನ ಇದಾರೆ, ಆದ್ರೆ ಬಿಲ್ಡರ್ ತಾನೇ ಬಂದು ರಿಪೇರಿ ಮಾಡ್ಬೇಕಾದ ಅವಧಿ ಮೊದಲ 2 ವರ್ಷ, ಆಮೇಲೆ ಪಾಲಿಸೀಲಿ ಪಟ್ಟಿ ಮಾಡಿರೋ ಹಾನಿಗಷ್ಟೇ ರಕ್ಷಣೆ. ಆ 2 ವರ್ಷದಲ್ಲಿ ಬಿಲ್ಡರ್ ಮಾಡ್ಲಿಲ್ಲ ಅಂದ್ರೆ ಎನ್‌ಎಚ್‌ಬಿಸಿ ರೆಸಲ್ಯೂಷನ್ ಸರ್ವಿಸ್‌ಗೆ ಹೋಗ್ಬಹುದು. ಬಿಲ್ಡರ್ ನ್ಯೂ ಹೋಮ್ಸ್ ಕ್ವಾಲಿಟಿ ಕೋಡ್‌ಗೆ, ಅಂದ್ರೆ ಹೊಸ ಮನೆ ಕಟ್ಟೋರ ನೀತಿಸಂಹಿತೆಗೆ ಸೇರಿದ್ರೆ ದೂರು ಕೊಟ್ಟು 56 ದಿನ ಆದ್ಮೇಲೂ ಬಗೆಹರೀದಿದ್ರೆ ದೂರು ವಿಚಾರಿಸೋ ನ್ಯೂ ಹೋಮ್ಸ್ ಓಂಬುಡ್ಸ್‌ಮನ್ ಹತ್ರ ಹೋಗಿ. ವಾರಂಟಿ ಬೇರೆ ಕಂಪನೀದಾಗಿದ್ರೆ ಆ ಪಾಲಿಸಿ ತೆಗೆದು ಓದಿ.

ರಿಪೇರಿಗೆ ಬಂದವ್ರು ಏರ್‌ಬ್ರಿಕ್ ಮುಂದೆ ಸಣ್ಣ ಗುಂಡಿ ತೋಡಿ ಆಯ್ತು ಅಂದ್ರೆ ಒಪ್ಕೋಬೇಡಿ, ಮಳೆಗೆ ಆ ಗುಂಡಿ ತುಂಬಿ ನೀರು ಟೊಳ್ಳಿಗೇ ಇಳಿಯುತ್ತೆ. ಹೊರಗಿನ ನೆಲವನ್ನೇ ತಗ್ಗಿಸ್ಬೇಕು, ಇಲ್ಲಾ ನೀರು ಹರಿದು ಹೋಗೋಕೆ ದಾರಿ ಇರೋ ಚಾನಲ್ ಮಾಡ್ಬೇಕು. ಪೆರಿಸ್ಕೋಪ್ ಇಲ್ದಿದ್ರೆ ಹೊರಗಿನ ಇಟ್ಟಿಗೆ ಬಿಚ್ಚಿ ಹೊಸದು ಕೂರಿಸ್ಬೇಕು, ಮೇಲೆ ಸಂದಿನೊಳಗೆ ಇಳಿಯೋ ನೀರನ್ನ ಹೊರಗೆ ತಳ್ಳೋ ಡಿಪಿಸಿ ಟ್ರೇ ಹಾಕ್ಬೇಕು, ಇಟ್ಟಿಗೆ ಮುಚ್ಚೋ ಮುಂಚೆ ನೀವೇ ನಿಂತು ಫೋಟೋ ತೆಗೀರಿ. ನಮ್ಮನೇಲಿ ಒಂದು ಕಡೆ ಟ್ರೇ ಹಾಕ್ದೇ ಮುಚ್ತಿದ್ರು, ನೋಡಿ ನಿಲ್ಲಿಸಿದ್ವಿ, ಮಾರನೇ ದಿನ ಟ್ರೇ ತಂದು ಹಾಕಿ ಮುಚ್ಚಿದ್ರು.